ದೂರವನ್ನು ವೇಗದಿಂದ ಭಾಗಿಸಿದರೆ ಹಾರಾಟದ ಹೊತ್ತು ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದ ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗ ಕೇಳಿದ್ದ: ‘ಲಂಡನ್‌ನಿಂದ ನ್ಯೂಯಾರ್ಕ್ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ?’ ದೂರ 5,540 ಕಿಲೋಮೀಟರ್ ಎಂದು ನೀವು ಉತ್ತರ ಕೊಟ್ಟಿರಿ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದು ಹಿಡಿದು ಭಾಗಿಸಿ, ‘ಆರು ಗಂಟೆ ಹತ್ತು ನಿಮಿಷ’ ಎಂದಿರಿ. ದೂರ ಸರಿಯಾಗಿದೆ, ಭಾಗಾಕಾರವೂ ಸರಿಯಾಗಿದೆ. ಆದರೆ ಲಂಡನ್ನಿನ ನಿಲ್ದಾಣದಲ್ಲಿ ಚಕ್ರ ಉರುಳಿ ಆರು ಗಂಟೆ ಹತ್ತು ನಿಮಿಷವಾದಾಗ ಆ ವಿಮಾನ ಸಾಮಾನ್ಯವಾಗಿ ಕೆನಡಾದ ಪೂರ್ವ ಕರಾವಳಿಯ ಆಸುಪಾಸಿನಲ್ಲಿರುತ್ತದೆ. ನ್ಯೂಯಾರ್ಕ್ ತಲುಪಲು ಇನ್ನೂ ಒಂದು ಮುಕ್ಕಾಲು ಗಂಟೆಯಷ್ಟು ಹಾರಾಟ ಉಳಿದಿರುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ನಾನು ಮೂವತ್ತೊಂದು ವರ್ಷ ವಿಮಾನ ಸಂಸ್ಥೆಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿ ದುಡಿದವಳು. ವಿಮಾನ ಹೊರಡುವ ಮೊದಲು ಅದು ಯಾವ ದಾರಿಯಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಇಂಧನ ಹೊತ್ತು ಹೋಗಬೇಕು ಎಂಬುದನ್ನು ಲೆಕ್ಕ ಹಾಕಿ ಫ್ಲೈಟ್ ಪ್ಲಾನ್ ಸಿದ್ಧಪಡಿಸುವುದು ನಮ್ಮ ಕೆಲಸ. ಆ ಹಾಳೆಗೆ ಕ್ಯಾಪ್ಟನ್ ಸಹಿಯ ಜೊತೆ ನನ್ನ ಸಹಿಯೂ ಬೀಳುತ್ತಿತ್ತು. ನಾನು ಸೇರಿದಾಗ ಗಾಳಿಯ ನಕ್ಷೆಗಳು ಫ್ಯಾಕ್ಸ್‌ನಲ್ಲಿ ಬರುತ್ತಿದ್ದವು. ಅವುಗಳ ಮೇಲೆ ಬಾಣದಂಥ ಗುರುತುಗಳು. ಬಾಲದಲ್ಲಿ ಒಂದು ಪೂರ್ತಿ ಗೀಟು ಇದ್ದರೆ ಗಾಳಿಯ ವೇಗ ಹತ್ತು ನಾಟ್, ಕಪ್ಪು ತ್ರಿಕೋನ ಇದ್ದರೆ ಐವತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಸಾಗರದ ಮೇಲಿನ ದಾರಿಯನ್ನು ಹತ್ತು ಹತ್ತು ಡಿಗ್ರಿ ರೇಖಾಂಶಕ್ಕೆ ಒಂದೊಂದು ತುಂಡು ಮಾಡಿ, ಪ್ರತಿ ತುಂಡಿಗೂ ಗಾಳಿ ಕೂಡಿಸಿ ಅಥವಾ ಕಳೆದು, ನಿಮಿಷಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆವು. ಮುಂದೆ ಕಂಪ್ಯೂಟರ್ ಆ ಕೆಲಸವನ್ನು ಕ್ಷಣದಲ್ಲಿ ಮಾಡತೊಡಗಿತು. ಆದರೂ ಸಹಿ ಹಾಕುವ ಮುನ್ನ ನಿಮಿಷಗಳ ಕಾಲಂ ಮೇಲೆ ಬೆರಳಾಡಿಸುವ ರೂಢಿಯನ್ನು ನಾನು ಕೊನೆಯ ದಿನದವರೆಗೂ ಬಿಡಲಿಲ್ಲ. ನೀವು ಒಂದೇ ಭಾಗಾಕಾರದಲ್ಲಿ ಮುಗಿಸಿದ ಪ್ರಶ್ನೆ ನನ್ನ ಬದುಕಿನ ಕೆಲಸವಾಗಿತ್ತು.

ಪತ್ರ ಬರೆಯಲು ಇನ್ನೊಂದು ಕಾರಣ ನಮ್ಮ ಮನೆಯದೇ. ನನ್ನ ಭಾವನಿಗೆ ಶ್ವಾಸಕೋಶದ ಕಾಯಿಲೆ. ಎಲ್ಲಿಗೆ ಹೋದರೂ ಹೆಗಲ ಚೀಲದಲ್ಲಿ ಒಯ್ಯುವ ಪುಟ್ಟ ಆಕ್ಸಿಜನ್ ಯಂತ್ರ ಅವರ ಜೊತೆಗಿರಬೇಕು. ಅದು ಬ್ಯಾಟರಿಯಿಂದ ನಡೆಯುತ್ತದೆ. ಇಂಥ ಯಂತ್ರ ಒಯ್ಯುವವರಿಗೆ ಅನೇಕ ವಿಮಾನ ಸಂಸ್ಥೆಗಳು ಒಂದು ನಿಯಮ ಇಟ್ಟಿವೆ: ಪ್ರಯಾಣದ ನಿರೀಕ್ಷಿತ ಅವಧಿಯ ಒಂದೂವರೆ ಪಟ್ಟು ಹೊತ್ತಿಗೆ ಸಾಕಾಗುವಷ್ಟು ಚಾರ್ಜ್ ಮಾಡಿದ ಬ್ಯಾಟರಿಗಳು ಕೈಯಲ್ಲಿರಬೇಕು. ವಿಮಾನ ತಡವಾಗಬಹುದು, ಬೇರೆ ನಿಲ್ದಾಣಕ್ಕೆ ತಿರುಗಬಹುದು. ರೋಗಿಯ ಉಸಿರು ನಡುದಾರಿಯಲ್ಲಿ ಕೈಕೊಡಬಾರದು. ನಿಯಮ ಒಳ್ಳೆಯದು, ಅದರ ಮೇಲೆ ನನಗೆ ಯಾವ ದೂರೂ ಇಲ್ಲ.

ಭಾವ ಮತ್ತು ಅಕ್ಕ ಲಂಡನ್ನಿನಲ್ಲಿರುವ ಮಗನ ಮನೆಯಲ್ಲಿದ್ದರು. ಮಗಳು ನ್ಯೂಯಾರ್ಕ್‌ನಲ್ಲಿ ಓದು ಮುಗಿಸಿದ್ದಳು, ಪದವಿ ಪ್ರದಾನ ಸಮಾರಂಭಕ್ಕೆ ಹೊರಟರು. ಬ್ಯಾಟರಿಯ ಲೆಕ್ಕ ಮಾಡಿದವನು ಮಗ. ಎರಡು ನಗರಗಳ ದೂರ ಹೇಳುವ ಒಂದು ಜಾಲತಾಣದಿಂದ ಕಿಲೋಮೀಟರ್ ತೆಗೆದುಕೊಂಡ, 900ರಿಂದ ಭಾಗಿಸಿದ, ಆರು ಗಂಟೆ ಹತ್ತು ನಿಮಿಷ ಬಂತು. ಅದರ ಒಂದೂವರೆ ಪಟ್ಟು ಒಂಬತ್ತೂಕಾಲು ಗಂಟೆ. ಮೂರೂವರೆ ಗಂಟೆ ಬರುವ ಬ್ಯಾಟರಿ ಮೂರು ಇದ್ದವು, ಒಟ್ಟು ಹತ್ತೂವರೆ ಗಂಟೆ. ಒಂದು ಗಂಟೆಗೂ ಹೆಚ್ಚು ಉಳಿಯುತ್ತದೆ ಎಂದು ನೆಮ್ಮದಿಯಿಂದ ಹೊರಟರು. ಕೌಂಟರಿನಲ್ಲಿದ್ದವರು ತಮ್ಮ ವೇಳಾಪಟ್ಟಿ ನೋಡಿದರು. ಪ್ರಯಾಣ ಎಂಟು ಗಂಟೆಯದು, ಹನ್ನೆರಡು ಗಂಟೆಯ ಬ್ಯಾಟರಿ ಬೇಕು. ಒಂದೂವರೆ ಗಂಟೆ ಕಡಿಮೆ ಬಿತ್ತು. ಭಾವನನ್ನು ವಿಮಾನ ಹತ್ತಿಸಲಿಲ್ಲ. ನಾಲ್ಕನೆಯ ಬ್ಯಾಟರಿ ಬಾಡಿಗೆಗೆ ಸಿಕ್ಕಿ, ಮರುದಿನ ಸಂಜೆಯ ವಿಮಾನದಲ್ಲಿ ಜಾಗ ಸಿಗುವ ಹೊತ್ತಿಗೆ ಸಮಾರಂಭ ಮುಗಿದುಹೋಗಿತ್ತು. ಮಗಳು ಕಪ್ಪು ನಿಲುವಂಗಿ ತೊಟ್ಟು ವೇದಿಕೆ ಹತ್ತಿದ್ದನ್ನು ಇಬ್ಬರೂ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕುಳಿತು ಮೊಬೈಲ್‌ನಲ್ಲಿ ನೋಡಿದರು. ಅಕ್ಕ ಫೋನ್ ಮಾಡಿ, ‘ನಿನ್ನನ್ನು ಒಂದು ಮಾತು ಕೇಳಬೇಕಿತ್ತು’ ಎಂದಳು. ನಿಮ್ಮ ಪುಟದಲ್ಲಿ ಅದೇ ಎರಡು ನಗರ, ಅದೇ ಆರು ಗಂಟೆ ಹತ್ತು ನಿಮಿಷ ಕಂಡಾಗ ನನಗೆ ಸುಮ್ಮನಿರಲಾಗಲಿಲ್ಲ.

ಮೊದಲು ದೂರದ ಮಾತು. ಜಾಲತಾಣಗಳು, ಪಠ್ಯಪುಸ್ತಕಗಳು ಕೊಡುವ ಅಂಕಿ ಗೋಳದ ಮೇಲೆ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದಾಗ ಸಿಗುವ ಉದ್ದ. ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರ್ ಎಂದು ಹಿಡಿದು ಅಕ್ಷಾಂಶ, ರೇಖಾಂಶಗಳಿಂದ ಲೆಕ್ಕ ಹಾಕುತ್ತಾರೆ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದರಿಂದ ಶೇಕಡಾ ಅರ್ಧದಷ್ಟು ವ್ಯತ್ಯಾಸ ಬರಬಹುದು, ಅದನ್ನು ಬಿಡೋಣ. ನನ್ನ ಆಕ್ಷೇಪ ಇರುವುದು ಉತ್ತರದ ಪಕ್ಕದಲ್ಲಿ ನೀವು ಅಚ್ಚು ಹಾಕಿದ್ದ ಚಿತ್ರಕ್ಕೆ. ಗೋಡೆಗೆ ತೂಗುಹಾಕುವಂಥ ಭೂಪಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೀರಿ. ಆ ಗೆರೆ ಹತ್ತಿರದ ದಾರಿಯಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಅಲಾಸ್ಕಾದ ಆಂಕರೇಜ್ ಎರಡೂ 60 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇವೆ, ಮತ್ತು ರೇಖಾಂಶದಲ್ಲಿ ಹೆಚ್ಚುಕಡಿಮೆ ಒಂದಕ್ಕೊಂದು ನೇರ ಎದುರು ಬದಿಯಲ್ಲಿವೆ. ಭೂಪಟದ ಮೇಲೆ ಅಡ್ಡಗೆರೆ ಎಳೆದು ಅದೇ ಅಕ್ಷಾಂಶದಲ್ಲಿ ಸಾಗಿದರೆ ಸುಮಾರು 10,000 ಕಿಲೋಮೀಟರ್. ಗೋಳದ ಮೇಲೆ ದಾರ ಎಳೆದರೆ ಅದು ಉತ್ತರ ಧ್ರುವವನ್ನೇ ಸವರಿಕೊಂಡು ಹೋಗುತ್ತದೆ, ಉದ್ದ ಸುಮಾರು 6,550 ಕಿಲೋಮೀಟರ್. ಮೂರನೇ ಒಂದು ಪಾಲು ದೂರವೇ ಕರಗಿಹೋಯಿತು! ಮಕ್ಕಳಿಗೆ ಕೊಡಬೇಕಾದ ಚಿತ್ರ ಇದು. ಒಂದು ಗೋಳ, ಒಂದು ಮೊಳ ದಾರ ಸಾಕು.

ಗಾಳಿಯ ವಿಷಯಕ್ಕೆ ಬರುತ್ತೇನೆ, ನಿಮ್ಮ ಉತ್ತರ ಎಡವಿದ್ದು ಮುಖ್ಯವಾಗಿ ಅಲ್ಲಿ.

ದೊಡ್ಡ ವಿಮಾನಕ್ಕೆ ಗಂಟೆಗೆ 900 ಕಿಲೋಮೀಟರ್ ವೇಗ ಎನ್ನುವುದು ನಿಜ. ಆದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ಕೆಳಗಿನ ನೆಲಕ್ಕೆ ಹೋಲಿಸಿದ್ದಲ್ಲ. ಹೊಳೆಯಲ್ಲಿ ದೋಣಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಟ್ಟು ಹಾಕುವ ತೋಳಿನ ಬಲ ಒಂದೇ, ಸೆಳವಿನ ಜೊತೆ ಹೋದರೆ ದಡ ಬೇಗ ಸಿಗುತ್ತದೆ, ಸೆಳವಿಗೆ ಎದುರಾದರೆ ತಡವಾಗುತ್ತದೆ. ವಿಮಾನ ಹಾರುವ ಹತ್ತು, ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಎಂದು ಅವುಗಳ ಹೆಸರು. ಧ್ರುವದ ಕಡೆಯ ತಣ್ಣನೆಯ ಗಾಳಿ ಮತ್ತು ಸಮಭಾಜಕದ ಕಡೆಯ ಬೆಚ್ಚನೆಯ ಗಾಳಿಯ ನಡುವಿನ ಉಷ್ಣತೆಯ ವ್ಯತ್ಯಾಸ, ಜೊತೆಗೆ ಭೂಮಿಯ ತಿರುಗುವಿಕೆ ಸೇರಿ ಈ ಹರಿವು ಹುಟ್ಟುತ್ತದೆ. ಚಳಿಗಾಲದಲ್ಲಿ ಆ ವ್ಯತ್ಯಾಸ ಹೆಚ್ಚು, ಹಾಗಾಗಿ ಹೊಳೆಗೂ ರಭಸ ಹೆಚ್ಚು. ಗಂಟೆಗೆ 300 ಕಿಲೋಮೀಟರ್ ದಾಟಿದ ಗಾಳಿಯನ್ನು ನಾನೇ ನಕ್ಷೆಯಲ್ಲಿ ಎಷ್ಟೋ ರಾತ್ರಿ ಗುರುತು ಹಾಕಿದ್ದೇನೆ.

ಈ ಗಾಳಿಯನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಒಬ್ಬರು. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಅವುಗಳ ಹಿಂದೆಯೇ ಕಣ್ಣಿಟ್ಟು ಅಳೆದರು. ಜಗತ್ತಿನ ಎಲ್ಲರಿಗೂ ತಿಳಿಯಲಿ ಎಂದು ಫಲಿತಾಂಶವನ್ನು ಎಲ್ಲ ದೇಶದವರಿಗೂ ಸಾಮಾನ್ಯ ಭಾಷೆಯಾಗಲಿ ಎಂದು ಕಟ್ಟಿದ ಎಸ್ಪರಾಂಟೊದಲ್ಲಿ ಪ್ರಕಟಿಸಿದರು, ಓದಿದವರು ಬಹಳ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಆ ಗಾಳಿಗೆ ಸಿಕ್ಕಿ ತತ್ತರಿಸಿದವು. ಓಯಿಶಿಯವರ ಹೆಸರು ನಮ್ಮ ಪಠ್ಯಗಳಲ್ಲಿ ಇಲ್ಲವಲ್ಲ ಎಂದು ನನಗೆ ಇಂದಿಗೂ ಬೇಸರವಿದೆ.

ಈ ಹೊಳೆಯ ಬಲ ಎಷ್ಟೆಂದು ತಿಳಿಯಲು 2020ರ ಫೆಬ್ರವರಿಯ ಒಂದು ರಾತ್ರಿ ಸಾಕು. ಅಟ್ಲಾಂಟಿಕ್ ಮೇಲೆ ಭಾರಿ ಬಿರುಗಾಳಿ ಎದ್ದಿತ್ತು. ನ್ಯೂಯಾರ್ಕ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ 4 ಗಂಟೆ 56 ನಿಮಿಷದಲ್ಲಿ ಲಂಡನ್ನಿನಲ್ಲಿ ಇಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಶಬ್ದದ ವೇಗವನ್ನು ಮೀರಿತೇ ಎಂದು ಅನೇಕರು ಕೇಳಿದರು. ಇಲ್ಲ, ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು. ಗಾಳಿಯೇ ಅದನ್ನು ಹೊತ್ತು ತಂದಿತು. ನಿಮ್ಮ ಉತ್ತರದ ಪ್ರಕಾರ ಅದಕ್ಕೂ ಆರು ಗಂಟೆ ಹತ್ತು ನಿಮಿಷವೇ ಬೇಕಿತ್ತು.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದವರೂ ಹೀಗೆ ನಂಬಿರುತ್ತಿದ್ದರು. ಅವರ ಮುಂದೆ ನಾನು ಒಂದು ಹಾಳೆ ಇಡುತ್ತಿದ್ದೆ. 5,540 ಕಿಲೋಮೀಟರ್ ದಾರಿ, ಗಂಟೆಗೆ 100 ಕಿಲೋಮೀಟರ್ ಗಾಳಿ. ಎದುರುಗಾಳಿಯಲ್ಲಿ 800ರಂತೆ ಹೋದರೆ 6 ಗಂಟೆ 55 ನಿಮಿಷ. ಹಿಂಗಾಳಿಯಲ್ಲಿ 1,000ದಂತೆ ಬಂದರೆ 5 ಗಂಟೆ 32 ನಿಮಿಷ. ಎರಡೂ ಸೇರಿ ಸುಮಾರು 12 ಗಂಟೆ 28 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 12 ಗಂಟೆ 19 ನಿಮಿಷ. ಒಂಬತ್ತು ನಿಮಿಷ ನಷ್ಟ. ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಒಂಬತ್ತು ನಿಮಿಷದ ಇಂಧನವೂ ಇಂಧನವೇ.

ಇದೇ ಸಂದರ್ಭದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತೆಗೆಯಬೇಕು. ಭೂಮಿ ಪೂರ್ವಕ್ಕೆ ತಿರುಗುತ್ತದೆ, ಆದ್ದರಿಂದ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಊರು ತಾನಾಗಿಯೇ ಎದುರು ಬರುತ್ತದೆ ಎಂದು ಮಕ್ಕಳು ಕೇಳುತ್ತಾರೆ, ದೊಡ್ಡವರೂ ಕೇಳುತ್ತಾರೆ. ಭೂಮಿಯ ಜೊತೆ ಗಾಳಿಯ ಹೊದಿಕೆಯೂ ತಿರುಗುತ್ತದೆ, ನಿಲ್ದಾಣದಲ್ಲಿ ನಿಂತ ವಿಮಾನವೂ ತಿರುಗುತ್ತಿರುತ್ತದೆ. ಅದರಿಂದ ಯಾವ ಲಾಭವೂ ಇಲ್ಲ. ನಿಜವಾಗಿ ಪಶ್ಚಿಮಕ್ಕೆ ಹೋಗುವುದೇ ನಿಧಾನ, ಅದಕ್ಕೆ ಕಾರಣ ಮೇಲೆ ಹೇಳಿದ ಗಾಳಿ.

ಹೀಗಿರುವುದರಿಂದ ನಾವು ಹತ್ತಿರದ ದಾರಿಯನ್ನು ಹುಡುಕುತ್ತಿರಲಿಲ್ಲ, ಬೇಗ ತಲುಪಿಸುವ ದಾರಿಯನ್ನು ಹುಡುಕುತ್ತಿದ್ದೆವು. ಉತ್ತರ ಅಟ್ಲಾಂಟಿಕ್ ಮೇಲೆ ದಿನಕ್ಕೆರಡು ಸಲ ಹೊಸ ದಾರಿಗಳನ್ನು ಹಾಕುವ ಪದ್ಧತಿ ಹಲವು ದಶಕಗಳಿಂದ ನಡೆದುಬಂದಿದೆ. ಹಗಲಿನಲ್ಲಿ ಪಶ್ಚಿಮಕ್ಕೆ ಹೋಗುವ ದಾರಿಗಳನ್ನು ಬ್ರಿಟನ್ ಮತ್ತು ಐರ್ಲೆಂಡ್ ಕಡೆಯ ಶಾನ್‌ವಿಕ್ ವಿಮಾನ ಸಂಚಾರ ನಿಯಂತ್ರಣ ಕೇಂದ್ರ ನಿರ್ಧರಿಸಿದರೆ, ರಾತ್ರಿ ಪೂರ್ವಕ್ಕೆ ಬರುವ ದಾರಿಗಳನ್ನು ಕೆನಡಾದ ಗ್ಯಾಂಡರ್ ಕೇಂದ್ರ ನಿರ್ಧರಿಸುತ್ತದೆ. ಪೂರ್ವಕ್ಕೆ ಬರುವವರು ಗಾಳಿಯ ಹೊಳೆಯನ್ನು ಹಿಡಿಯುತ್ತಾರೆ, ಪಶ್ಚಿಮಕ್ಕೆ ಹೋಗುವವರು ಅದನ್ನು ಸುತ್ತಿ ಹೋಗುತ್ತಾರೆ. ನಿನ್ನೆಯ ದಾರಿ ಇಂದಿನದಲ್ಲ. ಸಿಂಗಪುರ ಮತ್ತು ನ್ಯೂಯಾರ್ಕ್ ನಡುವಿನ ಮಹಾವೃತ್ತ ಸುಮಾರು 15,300 ಕಿಲೋಮೀಟರ್, ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ಆದರೂ ಸಿಂಗಪುರದಿಂದ ಹೊರಟ ವಿಮಾನ ಹಲವು ದಿನ ಪೆಸಿಫಿಕ್ ಸಾಗರದ ಮೇಲಿನ ಉದ್ದದ ದಾರಿ ಹಿಡಿಯುತ್ತದೆ, ಅಲ್ಲಿ ಬೆನ್ನಿಗೆ ಗಾಳಿ ಸಿಗುತ್ತದೆ ಎಂಬ ಕಾರಣಕ್ಕೆ. ದೂರ ಹೆಚ್ಚು, ಹೊತ್ತು ಕಡಿಮೆ. ಹದಿನೆಂಟು ಗಂಟೆ ಮೀರಿದ ಪ್ರಯಾಣದಲ್ಲಿ ಅದು ಸಣ್ಣ ಉಳಿತಾಯವಲ್ಲ.

ಇನ್ನು ಮನುಷ್ಯರು ಮುಚ್ಚುವ ಆಕಾಶ. ಹೆಲ್ಸಿಂಕಿಯಿಂದ ಟೋಕಿಯೊಗೆ ಮಹಾವೃತ್ತದ ದೂರ ಸುಮಾರು 7,800 ಕಿಲೋಮೀಟರ್. 2022ರ ಫೆಬ್ರವರಿವರೆಗೆ ರಷ್ಯಾದ ಮೇಲೆ ಹಾರಿ ಒಂಬತ್ತು, ಒಂಬತ್ತೂವರೆ ಗಂಟೆಗಳಲ್ಲಿ ತಲುಪುತ್ತಿದ್ದರು. ಉಕ್ರೇನ್ ಯುದ್ಧ ಶುರುವಾಗಿ ಆ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಪ್ರಯಾಣ ಸುಮಾರು ಹದಿಮೂರು ಗಂಟೆಗೆ ಏರಿತು. ಎರಡು ನಗರಗಳೂ ಇದ್ದಲ್ಲೇ ಇವೆ, ಗೋಳದ ಮೇಲಿನ ದಾರವೂ ಅಷ್ಟೇ ಉದ್ದ ಇದೆ. ಶೀತಲ ಸಮರದ ದಿನಗಳಲ್ಲಿಯೂ ಹೀಗೆಯೇ ಇತ್ತು; 1957ರಲ್ಲಿ ಸ್ಕ್ಯಾಂಡಿನೇವಿಯಾದ ವಿಮಾನ ಸಂಸ್ಥೆ ಕೋಪನ್‌ಹೇಗನ್‌ನಿಂದ ಟೋಕಿಯೊಗೆ ಸೇವೆ ಆರಂಭಿಸಿದಾಗ ಉತ್ತರ ಧ್ರುವದ ಮೇಲಿಂದ ಹೋಗಿ ಆಂಕರೇಜ್‌ನಲ್ಲಿ ಇಂಧನ ತುಂಬಿಕೊಳ್ಳಬೇಕಾಗಿತ್ತು.

ಕೊನೆಗೆ, ನೀವು ‘ಪ್ರಯಾಣದ ಸಮಯ’ ಎಂದಾಗ ಯಾವ ಸಮಯ? ವೇಳಾಪಟ್ಟಿಯಲ್ಲಿ ಇರುವುದು ಬ್ಲಾಕ್ ಟೈಮ್. ಚಕ್ರಕ್ಕೆ ಕೊಟ್ಟ ತಡೆ ತೆಗೆದು ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದ ಗೇಟಿನಲ್ಲಿ ನಿಂತ ಕ್ಷಣದವರೆಗೆ. ಅದರಲ್ಲಿ ರನ್‌ವೇವರೆಗಿನ ತೆವಳು ನಡಿಗೆ ಇದೆ, ಸರದಿಯಲ್ಲಿ ಕಾಯುವುದಿದೆ. ಏರುವಾಗ ಇಳಿಯುವಾಗ ವೇಗವೂ ಕಡಿಮೆ; ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವಂತಿಲ್ಲ, ಎಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಒಂದು ಸಾಧಾರಣ ದಿನದ ಲೆಕ್ಕ ಹಾಕಿ ನೋಡಿ. ಗಾಳಿಯನ್ನು ತಪ್ಪಿಸಲು ಸುತ್ತಿದ್ದರಿಂದ 5,700 ಕಿಲೋಮೀಟರ್ ದಾರಿ, ಎದುರುಗಾಳಿ ಕಳೆದು ನೆಲದ ವೇಗ 820 ಎಂದರೆ ಆರು ಗಂಟೆ ಐವತ್ತೇಳು ನಿಮಿಷ. ಏರಿಳಿತಕ್ಕೆ ಕಾಲು ಗಂಟೆ, ಎರಡೂ ನಿಲ್ದಾಣಗಳಲ್ಲಿ ನೆಲದ ಮೇಲಿನ ಓಡಾಟಕ್ಕೆ ಅರ್ಧ ಗಂಟೆ ಚಿಲ್ಲರೆ. ಎಂಟು ಗಂಟೆಯ ಹತ್ತಿರ ಬಂದೆವು. ಭಾವನಿಗೆ ಕೌಂಟರಿನಲ್ಲಿ ಹೇಳಿದ್ದೂ ಅದನ್ನೇ.

ಹೊರಡುವ ಮತ್ತು ತಲುಪುವ ಗಡಿಯಾರಗಳನ್ನು ಕಳೆದು ಅವಧಿ ಹೇಳುವ ತಪ್ಪೂ ಬೇಡ. ಎರಡೂ ಸ್ಥಳೀಯ ಸಮಯಗಳು. ಚಳಿಗಾಲದಲ್ಲಿ ಟೋಕಿಯೊದಿಂದ ಸಂಜೆ ಐದಕ್ಕೆ ಹೊರಟು ಹತ್ತು ಗಂಟೆ ಹಾರಿದವರು ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಇಳಿಯುತ್ತಾರೆ. ಈ ಕಾರಣಕ್ಕೇ ನಮ್ಮ ಹಾಳೆಗಳಲ್ಲಿ ಪ್ರತಿಯೊಂದು ಸಮಯವೂ ಜಗತ್ತಿಗೆಲ್ಲ ಒಂದೇ ಆಗಿರುವ ವಿಶ್ವಸಮಯದಲ್ಲೇ (ಯುಟಿಸಿ) ಇರುತ್ತಿತ್ತು.

ನನ್ನ ಕೋರಿಕೆ ಇಷ್ಟು. ನಗರಗಳ ನಡುವಿನ ದೂರ ಅಚ್ಚು ಹಾಕುವಾಗ ಅದು ಗೋಳದ ಮೇಲಿನ ನೇರ ದೂರ ಎಂದು ಒಂದು ಮಾತು ಸೇರಿಸಿ. ಹೊತ್ತನ್ನು ಭಾಗಿಸಿ ತೆಗೆಯಬೇಡಿ, ವಿಮಾನ ಸಂಸ್ಥೆಯ ವೇಳಾಪಟ್ಟಿಯಿಂದ ತೆಗೆಯಿರಿ. ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆ ಹೇಳಿ. ಯಾವುದಾದರೂ ಜಾಲತಾಣ ಎರಡೂ ದಿಕ್ಕಿಗೆ ಒಂದೇ ಹೊತ್ತು ತೋರಿಸಿದರೆ, ಅದು ಗಾಳಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಅಲ್ಲಿಯೇ ತಿಳಿಯಿರಿ. ಔಷಧದ ಹೊತ್ತು, ಆಕ್ಸಿಜನ್ ಯಂತ್ರದ ಬ್ಯಾಟರಿ, ಮುಂದಿನ ವಿಮಾನ ಹಿಡಿಯುವ ಅಂತರ, ಇವನ್ನೆಲ್ಲ ಲೆಕ್ಕ ಹಾಕುವವರು ಟಿಕೆಟ್‌ನಲ್ಲಿ ನಮೂದಿಸಿದ ಅವಧಿಯನ್ನೇ ನೋಡಲಿ ಎಂದೂ ಬರೆಯಿರಿ.

ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಬರೆದ ಉತ್ತರ ಇದು: ‘ಲಂಡನ್ ಮತ್ತು ನ್ಯೂಯಾರ್ಕ್ ವಿಮಾನ ನಿಲ್ದಾಣಗಳ ನಡುವೆ ಗೋಳದ ಮೇಲಿನ ನೇರ ದೂರ ಸುಮಾರು 5,540 ಕಿಲೋಮೀಟರ್. ಲಂಡನ್‌ನಿಂದ ಹೋಗಲು ವೇಳಾಪಟ್ಟಿಯಲ್ಲಿ ಸುಮಾರು ಎಂಟು ಗಂಟೆ, ನ್ಯೂಯಾರ್ಕ್‌ನಿಂದ ಬರಲು ಸುಮಾರು ಏಳು ಗಂಟೆ. ಈ ವ್ಯತ್ಯಾಸಕ್ಕೆ ಕಾರಣ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ.’ ಇದನ್ನು ಅದೇ ಪುಟದಲ್ಲಿ, ಮೊದಲಿನ ಉತ್ತರ ಬಂದಷ್ಟೇ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಗೋಳದ ಮೇಲೆ ದಾರ ಎಳೆದ ಚಿತ್ರವೊಂದನ್ನು ನಾನೇ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ,
ನಿವೃತ್ತ ಫ್ಲೈಟ್ ಡಿಸ್ಪ್ಯಾಚರ್